ಸಾಕ್ಷಿಗೆ ತೆಗೆದ ವಿಡಿಯೋ

ಒಂದೇ ಒಂದು ಪದ. ಅದು ಬಾಯಿಂದ ಬಿದ್ದದ್ದೇ ತಡ, ಗಿರಗಿಟ್ಲೆಯ ನೆಮ್ಮದಿ ಎಕ್ಕುಟ್ಟಿಹೋಯಿತು.

ಅವನಿಗೆ ಬೇರೆ ಹೆಸರಿತ್ತು ಬಿಡಿ, ಲಿಫ್ಟ್ ಕಂಪನಿಯ ಗುರುತಿನ ಚೀಟಿಯಲ್ಲಿ ಉದ್ದಕ್ಕೆ ಅಚ್ಚಾಗಿತ್ತು. ಆದರೆ ಬೀದಿಗೆಲ್ಲ ಅವನು ಗಿರಗಿಟ್ಲೆಯೇ. ಕೂತಲ್ಲಿ ಕೂರುವ ಪ್ರಾಣಿಯಲ್ಲ, ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಇಪ್ಪತ್ತೆರಡು ತುಂಬಿದರೂ ಊಟಕ್ಕೆ ಕೂತರೆ ಮೊಣಕಾಲು ತಾನೇ ತಾನಾಗಿ ಕುಣಿಯುತ್ತಿತ್ತು. ಆ ಹೆಸರಿಟ್ಟವರು ಬಣ್ಣದ ಮಾಮ. ಗುರುದ್ವಾರದ ಬೀದಿಯಲ್ಲೇ, ಇವನ ಮನೆಗೆ ಎರಡು ಬಾಗಿಲು ಆಚೆ, ಬಟ್ಟೆಗೆ ಬಣ್ಣ ಹಾಕುವ ಅಂಗಡಿ ಅವರದು. ಮುಸ್ಲಿಮರು. ನಲವತ್ತು ವರ್ಷದಿಂದ ಆ ಬೀದಿಯ ಸಿಖ್ಖರ ತಲೆಯ ಮೇಲಿನ ಪೇಟಗಳಿಗೆಲ್ಲ ಬಣ್ಣ ಹಾಕಿದವರು ಅವರೇ. ಅವರ ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಅವರಿಗೆ ಜೊತೆ ಅವರ ಮಗಳು. ಗಿರಗಿಟ್ಲೆಗಿಂತ ಮೂರು ವರ್ಷ ದೊಡ್ಡವಳು, ಅವನು ಮಾತು ಕಲಿತಾಗಿನಿಂದ ಅವಳು ಅಕ್ಕ.

ಈಗ ಆ ಪದದ ವಿಷಯ ಹೇಳುತ್ತೇನೆ.

ಬುಧವಾರ ಸಂಜೆ ಗುರುದ್ವಾರದ ನೆಲಮಾಳಿಗೆಯಲ್ಲಿ ಹುಡುಗರ ಸಂಘ ಸೇರಿತ್ತು. ಮೂವತ್ತು ಮೂವತ್ತೈದು ಜನ, ಎಲ್ಲರ ಕೈಯಲ್ಲೂ ಫೋನು, ಎಲ್ಲರ ಫೋನಿನಲ್ಲೂ ಒಂದೇ ವಿಡಿಯೋ. ಸಂಘದ ಮುಂದಾಳು ಕೊರಿಯರ್ ಅಣ್ಣ. ಹಗಲು ವ್ಯಾನಿನಲ್ಲಿ ಪಾರ್ಸೆಲ್ ಹಂಚುತ್ತಾನೆ, ಸಂಜೆ ಹುಡುಗರಿಗೆ ಪೇಟ ಕಟ್ಟುವುದು, ಪ್ರಾರ್ಥನೆ ಓದುವುದು ಕಲಿಸುತ್ತಾನೆ. ಎತ್ತರದ ಆಳು, ಎದೆಯವರೆಗೆ ಗಡ್ಡ. ಅವನು ಎದ್ದು ನಿಂತು, "ಇದನ್ನ ತೆಗೆದವರು ಯಾರು?" ಎಂದ.

ಗಿರಗಿಟ್ಲೆ ಕೈ ಎತ್ತಿದ.

"ಯಾಕೆ ತೆಗೆದೆ ತಮ್ಮಾ?"

ಗದರಿ ಕೇಳಿದ್ದರೆ ಇವನೂ ತಿರುಗಿ ಗದರುತ್ತಿದ್ದ. ಆದರೆ ಅಣ್ಣ ಮೆಲ್ಲಗೆ ಕೇಳಿದ. ಎಪ್ಪತ್ತು ಕಣ್ಣು ಇವನ ಮುಖಕ್ಕೆ ಅಂಟಿಕೊಂಡವು. ನಾಲ್ಕು ದಿನ ಕಳೆದರೆ ಭಾನುವಾರ ಇವನೂ ಇನ್ನೈದು ಜನರೂ ಅಮೃತ ಕುಡಿದು ಪೂರ್ತಿ ಸಿಖ್ಖರಾಗುವ ದೀಕ್ಷೆ ತೆಗೆದುಕೊಳ್ಳುವವರಿದ್ದರು. ಒಂದು ವರ್ಷದಿಂದ ಇವನು ಕಾದು ಕೂತಿದ್ದ ದಿನ ಅದು. "ಸಾಕ್ಷಿಗೆ," ಅಂದುಬಿಟ್ಟ.

ಶುದ್ಧ ಸುಳ್ಳು.

ನಡೆದದ್ದು ಬೇರೆ. ಸೋಮವಾರ ಕೆಲಸ ಮುಗಿಸಿ ಬರುವಾಗ ಬಣ್ಣದ ಮಾಮ ತೊಟ್ಟಿಯೊಳಗೆ ನಿಂತು ನೀಲಿ ಬಟ್ಟೆ ತುಳಿಯುತ್ತಿದ್ದರು. ಭಾನುವಾರಕ್ಕೆ ಬೇಕಾದ ಆರು ಪೇಟಗಳ ಜೊತೆ ಕೊರಿಯರ್ ಅಣ್ಣನದೊಂದು, ಒಟ್ಟು ಏಳಕ್ಕೆ ಹದ ನೋಡಲು ಬೇರೆಯಾಗಿ ಹಾಕಿದ ಮೊದಲ ಬಟ್ಟೆ ಅದು. ಇವನಿಗೆ ಖುಷಿಯೋ ಖುಷಿ. ಫೋನು ತೆಗೆದು ನಲವತ್ತು ಸೆಕೆಂಡು ಹಿಡಿದ. 'ನಮ್ಮ ನೀಲಿ ತಯಾರಾಗುತ್ತಿದೆ' ಅಂತ ಬರೆದು, ಒಂದು ದಿನಕ್ಕೆ ತಾನೇ ಅಳಿಸಿಹೋಗುವ ಸ್ಟೇಟಸ್ಸಿಗೆ ಹಾಕಿದ. ಮಂಗಳವಾರ ಸಂಜೆಯ ಹೊತ್ತಿಗೆ ಯಾರೋ ಪುಣ್ಯಾತ್ಮ ಅದರ ಹಿಂದು ಮುಂದು ಕತ್ತರಿಸಿ, ಮಾತು ಅಳಿಸಿ, ಢಂ ಢಂ ಅನ್ನುವ ಸಂಗೀತ ಸೇರಿಸಿ, ಮೇಲೆ ಕೆಂಪಕ್ಷರದಲ್ಲಿ 'ನಮ್ಮ ದಸ್ತಾರ್ ಯಾರ ಕಾಲಡಿ ಇದೆ ನೋಡಿ' ಅಂತ ಬರೆದು ಊರೆಲ್ಲ ಹಂಚಿಯಾಗಿತ್ತು. ದಸ್ತಾರ್ ಅಂದರೆ ಪೇಟವೇ, ಮರ್ಯಾದೆಯ ಹೆಸರು.

ತುಳಿಯುವುದು ಮಾಮನ ಕೆಲಸದ ರೀತಿ. ಪೇಟದ ಬಟ್ಟೆ ಆರು ಮೀಟರು, ಉಸಿರು ಬಿಟ್ಟರೆ ಹಾರುವಷ್ಟು ತೆಳು. ಕುದಿಯುವ ಹಂಡೆಯಲ್ಲಿ ಬಣ್ಣ ಹಿಡಿಸಿ, ಆಮೇಲೆ ಉಗುರುಬೆಚ್ಚಗಿನ ತೊಟ್ಟಿಯಲ್ಲಿ ಮಡಿಕೆ ಮಡಿಕೆ ಬಿಡಿಸಬೇಕು. ಕೋಲಿನಲ್ಲಿ ತಿರುವಿದರೆ ಕೋಲು ತಾಗಿದ ಕಡೆ ಗಾಢ, ತಾಗದ ಕಡೆ ಪೇಲವ. ಕೈಯಲ್ಲಿ ಅಷ್ಟು ಬಟ್ಟೆ ಬಿಡಿಸಲು ಆಗುವುದಿಲ್ಲ. ಅಂಗಾಲಿಗೆ ಮಾತ್ರ ಮಡಿಕೆ ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ. ಮಾಮ ದಿನಕ್ಕೆ ಐದು ಸಲ ನಮಾಜಿಗೆ ಮುಂಚೆ ಕಾಲು ತೊಳೆಯುವವರು. ತೊಟ್ಟಿಗೆ ಇಳಿಯುವ ಮುಂಚೆ ಮತ್ತೆ ಸೋಪು ಹಾಕಿ ತೊಳೆಯುತ್ತಿದ್ದರು. ಯಾರಾದರೂ ಗಿರಾಕಿ ಮುಖ ಹಿಂಡಿದರೆ, "ನಿಮ್ಮ ಕೈಗಿಂತ ನನ್ನ ಕಾಲು ಚೊಕ್ಕಟ ಸ್ವಾಮಿ, ಬೇಕಾದ್ರೆ ಇಬ್ರೂ ಮೂಸಿ ನೋಡೋಣ," ಅನ್ನುತ್ತಿದ್ದರು.

ಗಿರಗಿಟ್ಲೆಗೆ ಇದೆಲ್ಲ ಗೊತ್ತಿದ್ದದ್ದು ನೋಡಿ ಅಲ್ಲ, ಮಾಡಿ. ಆರು ವರ್ಷದಿಂದ ಹನ್ನೆರಡು ವರ್ಷದವರೆಗೆ ಆ ತೊಟ್ಟಿಯಲ್ಲಿ ಬಟ್ಟೆ ತುಳಿದವನೇ ಅವನು! ತೆಳು ಬಟ್ಟೆಗೆ ಮಕ್ಕಳ ಕಾಲಿನ ಭಾರ ಹೇಳಿ ಮಾಡಿಸಿದ್ದು. ಶಾಲೆಯಿಂದ ಬಂದವನೇ ಚೀಲ ಎಸೆದು, ಕಾಲು ತೊಳೆಸಿಕೊಂಡು, ಅಕ್ಕನ ಕೈ ಹಿಡಿದು ತೊಟ್ಟಿಯಲ್ಲಿ ಗಿರಗಿರ ಸುತ್ತುತ್ತಿದ್ದ. ಹೆಸರು ಬಂದದ್ದೇ ಅಲ್ಲಿಂದ. ಅಂದರೆ ಆ ಕಾಲದಲ್ಲಿ ಬೀದಿಯ ದೊಡ್ಡವರು ತಲೆಗೆ ಸುತ್ತಿಕೊಂಡು ಓಡಾಡಿದ ಪೇಟಗಳು ಇವನ ಕಾಲಡಿಯಿಂದಲೇ ಬಂದವು. ಇದನ್ನು ಸಂಘದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಬುಧವಾರದವರೆಗೆ ಅವನಿಗೆ ಅನ್ನಿಸಿಯೂ ಇರಲಿಲ್ಲ.

ಆದರೆ 'ಸಾಕ್ಷಿಗೆ' ಅಂದ ಕೂಡಲೇ ನೆಲಮಾಳಿಗೆಯ ಗಾಳಿಯೇ ಬದಲಾಯಿತು. ಪಕ್ಕದವನು ಬೆನ್ನು ತಟ್ಟಿದ. ಹಿಂದಿನಿಂದ ಯಾರೋ, "ಸರಿಯಾದ ಕೆಲಸ ಮಾಡ್ದೆ ಗುರು," ಅಂದರು. ಕೊರಿಯರ್ ಅಣ್ಣ ಇವನ ಹೆಗಲ ಮೇಲೆ ಕೈಯಿಟ್ಟು, "ಎರಡೇ ಮನೆ ಆಚೆ ಇರೋರ ವಿಷಯ. ಧೈರ್ಯ ಬೇಕು," ಅಂದ. ಆ ಕೈಯ ಭಾರಕ್ಕೆ ಗಿರಗಿಟ್ಲೆ ಕುಸಿದು ಹೋಗಬೇಕಿತ್ತು. ಅವನಿಗೆ ಹಿತವಾಯಿತು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ, ನಿಜವಾಗಿ ಹಿತವಾಯಿತು.

ಯಾಕೆ ಅಂತ ಕೇಳಿ. ಇವನ ಅಪ್ಪ ಕಾರ್ಖಾನೆಯ ಕೆಲಸಕ್ಕೆ ಸೇರುವಾಗ ಕೂದಲು ಕತ್ತರಿಸಿಕೊಂಡವನು, ಗಡ್ಡ ಬೋಳಿಸಿಕೊಂಡವನು. ಬೀದಿಯ ಅಪ್ಪಂದಿರಲ್ಲಿ ಮುಕ್ಕಾಲು ಪಾಲು ಹಾಗೆಯೇ. ಮಕ್ಕಳೂ ಅದೇ ದಾರಿ. ಮೂರು ವರ್ಷದ ಹಿಂದೆ ಕೊರಿಯರ್ ಅಣ್ಣ ನೆಲಮಾಳಿಗೆಯ ಬೀಗ ತೆಗೆಸಿ ಗುಡಿಸಿದ ಮೇಲೆ ಒಬ್ಬೊಬ್ಬರೇ ಬಂದರು. ಗಿರಗಿಟ್ಲೆ ಬಂದದ್ದು ಬೇಜಾರಿಗೆ, ನಿಂತದ್ದು ಬೇರೆಯದಕ್ಕೆ. ಬೆಳಿಗ್ಗೆ ಎದ್ದು ಕೂತು ಪ್ರಾರ್ಥನೆ ಓದುವ ಆ ಇಪ್ಪತ್ತು ನಿಮಿಷ ಅವನ ಮೊಣಕಾಲು ಕುಣಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ! ಕೂದಲು ಬಿಟ್ಟ, ಮಣಿಕಟ್ಟಿಗೆ ಉಕ್ಕಿನ ಕಡಗ ಹಾಕಿದ. ಪೇಟ ಕಟ್ಟಿಕೊಂಡು ಲಿಫ್ಟಿನ ಗುಂಡಿಗೆ ಇಳಿದರೆ ಮೇಸ್ತ್ರಿ, "ಏನಪ್ಪಾ, ಹೆಲ್ಮೆಟ್ ಎಲ್ಲಿ ಕೂರಿಸ್ತೀಯ?" ಅಂತ ಗೇಲಿ ಮಾಡಿದರೂ ಸಹಿಸಿದ. ಅವನ ಅಪ್ಪ ಕನ್ನಡಿಯ ಮುಂದೆ ಕೆನ್ನೆ ಬೋಳಿಸಿಕೊಳ್ಳುತ್ತಾ, "ನಾನು ಕತ್ತರಿಸಿದ್ದನ್ನೆಲ್ಲ ನೀನು ಬೆಳೆಸ್ತೀಯ ಅಂತ ಕಾಣುತ್ತೆ," ಅಂದು ನಕ್ಕ. ನಕ್ಕವನು ರೇಜರನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ.

ತಮಾಷೆ ಏನೆಂದರೆ, ಹುಡುಗರ ಈ ಹುರುಪಿನಿಂದ ಮೊದಲು ಚೇತರಿಸಿಕೊಂಡದ್ದು ಬಣ್ಣದ ಮಾಮನ ಅಂಗಡಿ. ಬೋಳು ತಲೆಗಳ ಕಾಲದಲ್ಲಿ ಅವರು ಪರದೆ, ಹಾಸಿಗೆ ಹೊದಿಕೆ ಅಂತ ಏನೇನಕ್ಕೋ ಬಣ್ಣ ಹಾಕಿ ದಿನ ದೂಡುತ್ತಿದ್ದರು. ಈಗ ಮತ್ತೆ ಪೇಟಗಳು. "ನಿಮ್ಮ ದೇವರು ನಿಮಗೆ ಬುದ್ಧಿ ಕೊಟ್ಟ, ನನಗೆ ಕೆಲಸ ಕೊಟ್ಟ," ಅನ್ನುತ್ತಿದ್ದರು. ಗಿರಗಿಟ್ಲೆಯ ಮೊದಲ ಪೇಟಕ್ಕೆ ಬಣ್ಣ ಹಾಕಿದ ದಿನ ಅದನ್ನು ಅವನ ತಲೆಗೆ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, ಕಣ್ಣೊರೆಸಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಐದು ಜನ ಅಂಗಡಿಗೆ ಹೋದರು. ಮುಂದೆ ಕೊರಿಯರ್ ಅಣ್ಣ, ಎಲ್ಲರ ಹಿಂದೆ ಗಿರಗಿಟ್ಲೆ. ಬರುವುದಿಲ್ಲ ಅಂದಿದ್ದ, "ಸಾಕ್ಷಿ ನೀನೇ ಅಲ್ವಾ?" ಅಂತ ಎಳೆದುಕೊಂಡು ಬಂದಿದ್ದರು. ಬಾಗಿಲ ಚೌಕಟ್ಟಿಗೆ ಆತು ನಿಂತು ಉಗುರು ಕಚ್ಚುತ್ತಿದ್ದ.

ಜಗಳವೇನೂ ಆಗಲಿಲ್ಲ. ಆಗಿದ್ದರೆ ವಾಸಿಯಿತ್ತು. ಅಣ್ಣ ಮರ್ಯಾದೆ ಬಿಡದೆ ಮಾತಾಡಿದ. "ಮಾಮ, ನೀವು ದೊಡ್ಡೋರು. ನಿಮ್ಮ ನಮಾಜಿನ ಚಾಪೆ ಮೇಲೆ ಯಾರಾದ್ರೂ ಚಪ್ಪಲಿ ಇಟ್ರೆ ನಿಮಗೆ ಹೇಗಾಗುತ್ತೆ? ನಮಗೆ ದಸ್ತಾರ್ ಅಂದ್ರೆ ತಲೆಗಿಂತ ಹೆಚ್ಚು. ಅದರ ಮೇಲೆ ಕಾಲು ಬೀಳಬಾರದು."

"ಚಪ್ಪಲಿ ಅಲ್ಲಪ್ಪ, ತೊಳೆದ ಕಾಲು," ಅಂದರು ಮಾಮ.

"ಕಾಲು ಕಾಲೇ ಅಲ್ವಾ ಮಾಮ."

ಮಾಮ ಕೊರಿಯರ್ ಅಣ್ಣನನ್ನು ನೋಡಲಿಲ್ಲ. ಅವನ ಭುಜದ ಮೇಲಿಂದ ಹಿಂದೆ ಬಾಗಿಲತ್ತ ನೋಡಿದರು. ಗಿರಗಿಟ್ಲೆ ಹಂಡೆ ನೋಡಿದ, ಸೂರು ನೋಡಿದ, ಹೊರಗೆ ಹೋಗುತ್ತಿದ್ದ ಸೈಕಲ್ಲು ನೋಡಿದ. ಒಳಗಿನಿಂದ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. "ಸಾಕ್ಷಿಗೆ ತೆಗೆದಿದ್ದು ಅಂದ್ಯಂತೆ, ಹೌದೇನೋ?" ಎಂದು ನೇರವಾಗಿ ಅವನನ್ನೇ ಕೇಳಿದಳು.

ಗಿರಗಿಟ್ಲೆಯ ಕತ್ತು ಅಲುಗಿತು. ಹೌದು ಅಂತಲೋ ಅಲ್ಲ ಅಂತಲೋ ಕತ್ತಿಗೇ ಗೊತ್ತಿರಲಿಲ್ಲ. ಅಕ್ಕ ಇನ್ನೇನೋ ಅನ್ನುವುದಕ್ಕೆ ಬಾಯಿ ತೆರೆದಳು. ಮಾಮ ಕೈ ಎತ್ತಿ ಅವಳನ್ನು ತಡೆದರು. "ಆಯ್ತಪ್ಪ," ಅಂದರು ಅಣ್ಣನಿಗೆ. "ಇನ್ನು ಪೇಟದ ಮೇಲೆ ನಾನು ಕಾಲಿಡಲ್ಲ. ಮಾತು ಕೊಟ್ಟಿದೀನಿ. ಭಾನುವಾರದ ಬಟ್ಟೆ ಶುಕ್ರವಾರ ಸಂಜೆ ಬರುತ್ತೆ."

ಅವತ್ತು ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ನಾಲ್ಕನೇ ಮಹಡಿಗೂ ಐದಕ್ಕೂ ನಡುವೆ ನಿಂತುಬಿಟ್ಟಿತ್ತು. ಗಿರಗಿಟ್ಲೆ ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. ಬೇಕಾದ ಪಾನಾ ಜೇಬಿನಲ್ಲೇ ಇಟ್ಟುಕೊಂಡು ಮೂರು ಸಲ ಮೆಟ್ಟಿಲಿಳಿದು ಹುಡುಕಿದ. ಮೇಸ್ತ್ರಿ, "ಏನಯ್ಯಾ, ಇರುವೆ ಬಿಟ್ಕೊಂಡಿದೀಯ?" ಅಂದರು. ಸಂಜೆ ಮನೆಗೆ ಬಂದರೆ ಅಜ್ಜಿ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ಅವಳಿಗೂ ಸುದ್ದಿ ಮುಟ್ಟಿತ್ತು.

"ಏನೋ ಇದು ರಂಪ? ಬಣ್ಣದವನು ತುಳಿದನಂತೆ, ಇವರಿಗೆ ಅವಮಾನ ಆಯ್ತಂತೆ. ನಿನ್ನ ಕಾಲಿನ ನೀಲಿ ಉಜ್ಜಿ ಉಜ್ಜಿ ನನ್ನ ಕೈ ಸವೆದುಹೋಗಿತ್ತಲ್ಲೋ."

"ಅಜ್ಜೀ, ಮೆಲ್ಲಗೆ!"

"ಯಾಕೆ ಮೆಲ್ಲಗೆ? ಕದ್ದು ತುಳಿದ್ಯಾ?"

"ಯಾರಿಗೂ ಹೇಳ್ಬೇಡ ಅಜ್ಜಿ, ನಿನ್ನ ದಮ್ಮಯ್ಯ."

ಅಜ್ಜಿ ಎಣ್ಣೆಯ ಕೈಯನ್ನು ಹಾಗೇ ನಿಲ್ಲಿಸಿ ಮೊಮ್ಮಗನನ್ನು ದಿಟ್ಟಿಸಿದಳು. "ನಾನ್ಯಾರಿಗೆ ಹೇಳಲಿ, ಮೆಟ್ಟಿಲು ಇಳಿಯಕ್ಕಾಗದೋಳು. ದೇವರ ಹತ್ರ ಹೋಗೋಕೆ ಹೊರಟಿದೀಯ, ಹೋಗು. ಹಿಂಗೆ ಪರದಾಡ್ತಾ ಹೋಗ್ಬೇಡ, ಅವನಿಗೂ ತಲೆ ತಿರುಗುತ್ತೆ." ಅಷ್ಟು ಹೇಳಿ ಇನ್ನೊಂದು ಮಂಡಿ ತಿಕ್ಕಲು ಶುರುಮಾಡಿದಳು.

ಶುಕ್ರವಾರ ಸಂಜೆ ಬಟ್ಟೆ ಬಂತು. ಮಾಮ ತಾವೇ ಹೊತ್ತು ತಂದು ನೆಲಮಾಳಿಗೆಯ ಮೇಜಿನ ಮೇಲಿಟ್ಟರು. ಕೊಟ್ಟ ಮಾತಿನಂತೆ ಕಾಲಿಟ್ಟಿರಲಿಲ್ಲ. ಮರದ ಹಲಗೆಗೆ ಹಿಡಿ ಬಡಿದು, ದೋಣಿಯ ಹುಟ್ಟಿನಂಥದ್ದೊಂದನ್ನು ಮಾಡಿಕೊಂಡು ಎರಡು ದಿನ ತೊಟ್ಟಿ ತಿರುವಿದ್ದರು. ಆ ಅರವತ್ತೈದರ ತೋಳಿನಲ್ಲಿ. ಬಟ್ಟೆ ಬಿಚ್ಚಿದರೆ ಏನಿದೆ, ಎಲ್ಲ ಮಚ್ಚೆ ಮಚ್ಚೆ. ಒಂದು ಕಡೆ ಮಸಿಯ ಹಾಗೆ ನೀಲಿ, ಇನ್ನೊಂದು ಕಡೆ ಒಗೆದೊಗೆದು ಬಿಳಿಚಿದ ಲುಂಗಿಯ ಹಾಗೆ. ಏಳಕ್ಕೆ ಏಳೂ ಹೀಗೇ.

"ಕ್ಷಮಿಸಬೇಕಪ್ಪ," ಅಂದರು ಮಾಮ. "ನಲವತ್ತು ವರ್ಷದಲ್ಲಿ ಇಂಥ ಮಾಲು ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ಇನ್ನೊಂದು ನಾಲ್ಕು ದಿನ ಕೊಟ್ರೆ ಕೈ ಕುದುರುತ್ತೇನೋ." ಅವರ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಅವರು ಮೆಟ್ಟಿಲು ಹತ್ತಿ ಹೋದರು.

ಅವರ ಹೆಜ್ಜೆಯ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದವರಂತೆ ಹುಡುಗರು ಶುರುಮಾಡಿದರು. ಬೇಕಂತಲೇ ಮಾಡಿದ್ದಾರೆ. ಸೇಡು. ದೀಕ್ಷೆಯ ದಿನ ನಮ್ಮನ್ನ ನಗೆಪಾಟಲು ಮಾಡೋಕೆ. ಒಬ್ಬನಂತೂ, "ಅವರಿಗೆ ಕೊಟ್ಟಿದ್ದೇ ತಪ್ಪು, ನಮ್ಮೋರೇ ಬಣ್ಣ ಹಾಕೋದು ಕಲೀಬೇಕು," ಅಂದ. ಕೋಲಿನಲ್ಲಿ ತಿರುವಿದರೆ ಹೀಗೇ ಆಗುತ್ತದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವನು ಒಬ್ಬನೇ. ಆ ಒಬ್ಬ ಬಾಗಿಲವರೆಗೆ ಹೋಗಿ ಬಂದ, ನೀರು ಕುಡಿದ, ಮತ್ತೆ ಬಾಗಿಲವರೆಗೆ ಹೋದ. ತನ್ನನ್ನು ತಾನೇ ಬೈದುಕೊಂಡ. ಥೂ, ಹೇಡಿ ನನ್ನ ಮಗನೇ, ಬಾಯಿ ಬಿಡೋ. ಬಾಯಿ ಬಿಡಲಿಲ್ಲ.

ಕೊರಿಯರ್ ಅಣ್ಣ ಎಲ್ಲರನ್ನೂ ಸುಮ್ಮನಾಗಿಸಿದ. "ಕೂಗಾಟ ಬೇಡ. ಭಾನುವಾರ ಕೀರ್ತನೆ ಮುಗಿದ ಮೇಲೆ ಸಂಗತ್ ಮುಂದೆ, ಸೇರಿದ ಅಷ್ಟೂ ಜನರ ಮುಂದೆ ವಿಷಯ ಇಡೋಣ. ಇನ್ನು ಆ ಅಂಗಡಿಗೆ ಯಾರೂ ಬಟ್ಟೆ ಕೊಡಬಾರದು ಅಂತ ಕೇಳೋಣ." ಆಮೇಲೆ ಗಿರಗಿಟ್ಲೆಯ ಕಡೆ ತಿರುಗಿದ. "ನೀನು ಎದ್ದು ನಿಂತು ಹೇಳ್ಬೇಕು ತಮ್ಮಾ. ಅನುಮಾನ ಬಂದು ಸಾಕ್ಷಿಗೆ ತೆಗೆದೆ ಅಂತ. ಎರಡೇ ಮಾತು."

ಎರಡೇ ಮಾತು! ಶನಿವಾರವಿಡೀ ಗಿರಗಿಟ್ಲೆ ಆ ಎರಡು ಮಾತನ್ನು ಬಾಯಲ್ಲಿಟ್ಟುಕೊಂಡು ಊರು ಸುತ್ತಿದ. ಆಡಿದರೆ ಮಾಮನ ಅಂಗಡಿಗೆ ಬೀಗ. ಆಡದಿದ್ದರೆ ತಾನು ನಾಲ್ಕು ದಿನದಿಂದ ಎಲ್ಲರಿಗೂ ಮಂಕುಬೂದಿ ಎರಚಿದ್ದು ಬಯಲು, ದೀಕ್ಷೆಗೆ ಕಲ್ಲು, ನೆಲಮಾಳಿಗೆಯ ಬಾಗಿಲು ತನಗೆ ಮುಚ್ಚಿದಂತೆ. ಮೊದಲ ಸಲ ತನ್ನವರು ಅಂತ ಸಿಕ್ಕವರು ಅವರು. ಬಣ್ಣದ ಅಂಗಡಿಯ ಮುಂದೆ ಹೋಗಲಾರದೆ ಹಿಂದಿನ ಬೀದಿಯಿಂದ ಬಳಸಿಕೊಂಡು ಮನೆ ಸೇರಿದ. ಪ್ರಾರ್ಥನೆಗೆ ಕೂತರೆ ಮೊಣಕಾಲು ಕುಣಿಯಿತು. ಅದನ್ನು ನೋಡಿ ಅವನಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಕೂದಲು ಒಣಗಿಸಿ ಕಟ್ಟಿ, ಮಚ್ಚೆಯ ನೀಲಿ ಬಟ್ಟೆಯನ್ನೇ ಸುತ್ತಿಕೊಂಡ. ಉಳಿದ ಐವರು ಎಲ್ಲಿಂದಲೋ ಹೊಂದಿಸಿಕೊಂಡ ಹಳೆಯ ಪೇಟಗಳಲ್ಲಿ ಬಂದಿದ್ದರು. "ಇದ್ಯಾಕೋ ಸುತ್ಕೊಂಡೆ?" ಅಂತ ಒಬ್ಬ ಗೊಣಗಿದ. ಕೊರಿಯರ್ ಅಣ್ಣ ಮಾತ್ರ ಮೆಚ್ಚಿದ. "ಇರಲಿ, ಸಂಗತ್ ಕಣ್ಣಾರೆ ನೋಡಲಿ." ಅವನ ತಲೆಯ ಮೇಲಿದ್ದದ್ದು ಗಾಢ ನೀಲಿಯ ಹಳೆಯ ಪೇಟ. ಅದನ್ನು ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. "ನಮ್ಮಪ್ಪಂದು," ಅಂದ ಅಣ್ಣ. "ತೀರಿಕೊಳ್ಳೋಕೆ ಮುಂಚೆ ಕಟ್ಟಿದ್ದು. ಹದಿನೈದು ವರ್ಷ ಆಯ್ತು, ಟ್ರಂಕಿನಲ್ಲಿ ಇಟ್ಟಿದ್ದೆ. ಬಣ್ಣ ನೋಡ್ರಪ್ಪ, ಒಂದು ಚುಕ್ಕೆ ಹೆಚ್ಚು ಕಮ್ಮಿ ಇಲ್ಲ. ಆಗಿನೋರ ಕೆಲಸ."

ಗಿರಗಿಟ್ಲೆ ಲೆಕ್ಕ ಹಾಕಿದ. ಹದಿನೈದು ವರ್ಷ. ತನಗಾಗ ಏಳು.

ಕೀರ್ತನೆ ಮುಗಿಯಿತು. ಇನ್ನೂರು ಜನ ನೆಲದ ಮೇಲೆ ಕೂತಿದ್ದರು, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಅಣ್ಣ ಎದ್ದು ವಿಷಯ ಇಟ್ಟ. ಚೆನ್ನಾಗಿಯೇ ಇಟ್ಟ, ಬಾಯಿಗೆ ಬಂದಂತೆ ಒಂದು ಮಾತೂ ಆಡಲಿಲ್ಲ. "ತೆಗೆದವನೇ ಹೇಳ್ತಾನೆ ಕೇಳಿ," ಅಂದು ಕೂತ.

ಗಿರಗಿಟ್ಲೆ ಎದ್ದ. ಕೈ ಜೋಡಿಸಿದ. ಎರಡು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಮುಂದಿನ ಸಾಲಿನಲ್ಲಿ ಅವನ ಅಪ್ಪ, ಬೋಳು ಕೆನ್ನೆ, ತಲೆಗೆ ಕರವಸ್ತ್ರ, ಮಗನನ್ನೇ ನೋಡುತ್ತಾ ಕೂತಿದ್ದ. ಆ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನಾನು ಸಾಕ್ಷಿಗೆ ತೆಗೀಲಿಲ್ಲ," ಅಂದ. ಸದ್ದು ತನಗೇ ಕೇಳಲಿಲ್ಲ ಅನ್ನಿಸಿ ಮತ್ತೊಮ್ಮೆ ಗಟ್ಟಿಯಾಗಿ ಅಂದ. "ಸಾಕ್ಷಿಗೆ ಅಂದಿದ್ದು ಸುಳ್ಳು. ಖುಷಿಗೆ ತೆಗೆದೆ. ಮಾಮ ತುಳಿಯೋದು ನಂಗೆ ಮೊದಲಿಂದ ಗೊತ್ತು. ನಾನೂ ತುಳಿದಿದೀನಿ. ಆರು ವರ್ಷದಿಂದ ಹನ್ನೆರಡು ವರ್ಷದವರೆಗೆ, ದಿನಾ ಶಾಲೆ ಬಿಟ್ಟ ಮೇಲೆ. ಕಾಲಲ್ಲಿ ತುಳಿದ್ರೆ ಮಾತ್ರ ಬಣ್ಣ ಹರಡುತ್ತೆ. ಕೋಲಲ್ಲಿ ತಿರುವಿದ್ರೆ ಹೀಗಾಗುತ್ತೆ." ತನ್ನ ತಲೆ ಮುಟ್ಟಿ ತೋರಿಸಿದ. "ಇದು ಸೇಡಲ್ಲ. ಅವರು ಮಾತು ಉಳಿಸ್ಕೊಂಡಿದ್ದಕ್ಕೆ ಹೀಗಾಗಿದ್ದು."

ಗುಜುಗುಜು ಎದ್ದಿತು. ಹುಡುಗರ ಕಡೆಯಿಂದ ಒಬ್ಬ, "ನಾಲ್ಕು ದಿನದಿಂದ ನಾಟಕ ಆಡಿದ್ಯೇನೋ?" ಅಂತ ಕೂಗಿದ. ಹೆಂಗಸರ ಕಡೆ ಯಾರೋ ಮುದುಕಿ ಕಿಸಕ್ಕನೆ ನಕ್ಕಳು. ಇವನ ಅಪ್ಪ ತಲೆ ತಗ್ಗಿಸಿದ. ನಾಚಿಕೆಗೋ ಇನ್ನೇತಕ್ಕೋ ಗೊತ್ತಾಗಲಿಲ್ಲ. ಕೊರಿಯರ್ ಅಣ್ಣ ನಿಧಾನವಾಗಿ ಎದ್ದು ಇವನ ಹತ್ತಿರ ಬಂದ. ಹೊಡೆಯುತ್ತಾನೆ ಅಂತಲೇ ಗಿರಗಿಟ್ಲೆ ಕಣ್ಣು ಮುಚ್ಚಿಕೊಂಡ.

"ನಮ್ಮಪ್ಪಂದು?" ಅಂತ ಪಿಸುಗುಟ್ಟಿದ ಅಣ್ಣ.

"ಅದೂನೂ ಅಣ್ಣ."

"ಮಾಮನ ಕಾಲಾ?"

"ಆಗ ಪೇಟ ತುಳೀತಿದ್ದಿದ್ದು ನಾನೂ ಅಕ್ಕನೂ. ನಮ್ಮ ಕಾಲು."

ಅಣ್ಣನ ಕೈ ತಲೆಯತ್ತ ಏರಿತು. ಅರ್ಧಕ್ಕೆ ನಿಂತಿತು. ಕಿತ್ತೆಸೆಯಲು ಅದು ಅಪ್ಪನದು, ಇಟ್ಟುಕೊಳ್ಳಲು ತನ್ನ ಮಾತೇ ಅಡ್ಡ. ಆ ದೊಡ್ಡ ಆಳು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಅಷ್ಟು ಜನರ ಮುಂದೆ ಹಾಗೇ ನಿಂತುಬಿಟ್ಟ. ಆಮೇಲೆ ಯಾರ ಕಡೆಯೂ ನೋಡದೆ ಹೊರಗೆ ನಡೆದ. ಅವನ ಹಿಂದೆ ನಾಲ್ಕೈದು ಹುಡುಗರು ಹೋದರು. ಹೋಗುವಾಗ ಒಬ್ಬನ ಭುಜ ಗಿರಗಿಟ್ಲೆಗೆ ಜೋರಾಗಿ ತಾಗಿತು.

ದೀಕ್ಷೆ ಕೊಡುವ ಐವರಲ್ಲಿ ಹಿರಿಯರು ಬಸ್ಸು ಓಡಿಸಿ ನಿವೃತ್ತರಾದವರು. ಅವರು ಗಿರಗಿಟ್ಲೆಯನ್ನು ಪಕ್ಕಕ್ಕೆ ಕರೆದರು. "ಇವತ್ತು ಐದೇ ಜನಕ್ಕೆ ಅಮೃತ, ಮಗಾ. ನಿನ್ನದು ಇವತ್ತಿಲ್ಲ."

"ಇನ್ಯಾವತ್ತು?"

"ಯಾರ ಮೇಲೆ ಸುಳ್ಳು ಹೇಳಿದ್ಯೋ ಅವರ ಹತ್ರ ಮೊದಲು ಹೋಗು. ಆಮೇಲಿಂದು ಆಮೇಲೆ." ಅಷ್ಟಂದು ಅವರು ಒಳಗೆ ಹೋದರು. ಬಾಗಿಲು ಮುಚ್ಚಿತು.

ಗಿರಗಿಟ್ಲೆ ಓಡಿದ. ನೂರು ಹೆಜ್ಜೆಯ ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹತ್ತು ಸಲ ಜೋಡಿಸಿದ, ಹತ್ತು ಸಲ ಕೆಡಿಸಿದ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಹಂಡೆ ಬೋರಲು ಹಾಕಿತ್ತು. ಮಾಮ ಮಣೆಯ ಮೇಲೆ ಕೂತು ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು, ಅಕ್ಕ ಹಗ್ಗದ ಮೇಲಿನ ಪರದೆ ಬಟ್ಟೆ ಮಡಿಸುತ್ತಿದ್ದಳು. ಅವನ ತಲೆ ಕಂಡಿದ್ದೇ ಮಾಮ ಮುಖ ಆ ಕಡೆ ತಿರುಗಿಸಿದರು. "ಅದನ್ಯಾಕೋ ಸುತ್ಕೊಂಡ್ ಬಂದೆ? ನನ್ನ ಕೈಲಿ ನೋಡಕ್ಕಾಗಲ್ಲ."

"ಮಾಮ, ನಾನು ಸಾಕ್ಷಿಗೆ ತೆಗೀಲಿಲ್ಲ. ಸುಳ್ಳು ಹೇಳ್ದೆ. ಈಗ ಎಲ್ಲರ ಮುಂದೆ ಹೇಳಿ ಬಂದೆ." ಜೋಡಿಸಿದ್ದೆಲ್ಲ ಹೋಗಿ ಉಳಿದದ್ದು ಅಷ್ಟೇ.

"ಸಾಕ್ಷಿಗಲ್ಲ ಅಂತ ಗೊತ್ತು," ಅಂದರು ಮಾಮ.

"ಹೇಗೆ?"

ಉತ್ತರ ಕೊಟ್ಟವಳು ಅಕ್ಕ, ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೆ ಎಸೆದು. "ಹೇಗಂತೆ! ಸೋಮವಾರ ಸ್ಟೇಟಸ್ಸಿಗೆ ಹಾಕೋ ಮುಂಚೆ ನಂಗೆ ಕಳಿಸಿದ್ಯಲ್ಲೋ ಕತ್ತೆ. ಮಾತೆಲ್ಲ ಹಾಗೇ ಇದೆ ಅದರಲ್ಲಿ. ಕಿಲಕಿಲ ನಗ್ತಿದೀಯ. 'ಮಾಮ, ಈ ಕಡೆ ತಿರುಗಿ, ಕಾಲು ಚೆನ್ನಾಗಿ ಕಾಣ್ಲಿ' ಅಂತೀಯ. ಅಪ್ಪ, 'ಕಾಲು ಯಾಕೋ, ಮುಖ ಹಿಡಿ' ಅಂದ್ರೆ, 'ನಿಮ್ಮ ಮುಖ ಯಾರಿಗ್ ಬೇಕು ಮಾಮ, ನಮ್ಮ ತಲೆಗೆ ಬಣ್ಣ ಕೊಟ್ಟಿದ್ದು ಈ ಕಾಲು' ಅಂತೀಯ. ನೀನೇ ಅಂದಿದ್ದು."

ಮರೆತೇಹೋಗಿತ್ತು. ಕೆಂಪಕ್ಷರದ, ಢಂ ಢಂ ಸದ್ದಿನ ವಿಡಿಯೋವನ್ನು ನಾಲ್ಕು ದಿನದಲ್ಲಿ ಎಷ್ಟು ಸಲ ನೋಡಿದ್ದನೆಂದರೆ, ತನ್ನದೇ ಮಾತು ಅವನಿಗೆ ಮರೆತುಹೋಗಿತ್ತು. ಅವನು ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತ.

"ಮತ್ತೆ ಯಾಕೆ ಸುಮ್ನಿದ್ರಿ ಮಾಮ? ಗುರುವಾರ ಅವರು ಬಂದಾಗಲೇ ಅದನ್ನ ತೋರಿಸಿದ್ರೆ ಎಲ್ಲ ಅಲ್ಲಿಗೇ ಮುಗೀತಿತ್ತಲ್ಲ."

ಮಾಮ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. ಬೊಬ್ಬೆ ಎದ್ದ ಕೈಗೆ ಅದು ಬೇಗ ಕೂರಲಿಲ್ಲ. "ತೋರಿಸಿದ್ರೆ ನನ್ನ ಅಂಗಡಿ ಉಳೀತಿತ್ತು," ಅಂದರು. "ನೀನು ಸುಳ್ಳುಗಾರ ಅಂತ ಆಗ್ತಿತ್ತು, ಅಷ್ಟು ಹುಡುಗರ ಮುಂದೆ. ಈ ಭಾನುವಾರಕ್ಕೆ ಅಂತ ಒಂದು ವರ್ಷದಿಂದ ಕಾದಿದ್ಯಲ್ಲೋ. ನನ್ನ ಕೈಯಿಂದ ಅದು ಕೆಡೋದು ಬೇಡ ಅನ್ನಿಸ್ತು."

ಗಿರಗಿಟ್ಲೆ ಅತ್ತ. ಸದ್ದು ಮಾಡಿ, ಮೂಗು ಸೋರಿಸಿಕೊಂಡು, ಸಣ್ಣ ಮಗುವಿನ ಹಾಗೆ ಅತ್ತ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಮುಂದೆ ಹೋದರು. ಮಾಮ ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಅಂತಲೂ ಅನ್ನಲಿಲ್ಲ.

"ನಾನಾಗಿದ್ರೆ ತೋರಿಸ್ತಿದ್ದೆ," ಅಂದಳು ಅಕ್ಕ. ಅವಳ ಕೋಪ ಒಂದಿಷ್ಟೂ ಇಳಿದಿರಲಿಲ್ಲ. "ಗುರುವಾರವೇ ಫೋನು ಹಿಡ್ಕೊಂಡು ಗುರುದ್ವಾರಕ್ಕೆ ಹೊರಟಿದ್ದೆ. ಅಪ್ಪ ಕಿತ್ಕೊಂಡು ಜೇಬಲ್ಲಿ ಇಟ್ಕೊಂಡ್ರು." ಅಪ್ಪನ ಕಡೆ ತಿರುಗಿ ಅಂಗೈ ಚಾಚಿದಳು. "ಅವನೇ ಹೇಳಿಯಾಯ್ತಲ್ಲ. ಈಗಾದ್ರೂ ನನ್ನ ಫೋನು ಕೊಡಿ."